ಟೂಲ್ ಕೊಳ್ಳುವ ಮೊದಲು ಬಾನೆಟ್ ಎತ್ತಿ ನೋಡಿ

ಆನ್‌ಲೈನ್ ಅಂಗಡಿಯಲ್ಲಿ ‘ಸರ್ಪೆಂಟೈನ್ ಬೆಲ್ಟ್ ಟೂಲ್’ ಎಂದು ಹುಡುಕಿ ನೋಡಿ. ಉದ್ದನೆಯ ಕಬ್ಬಿಣದ ಪಟ್ಟಿ, ಅದರ ಜೊತೆಗೆ ಹತ್ತಾರು ಸಾಕೆಟ್, ಮಡಚುವ ಹಿಡಿ, ಚೆಂದದ ಪ್ಲಾಸ್ಟಿಕ್ ಪೆಟ್ಟಿಗೆ. ಎಲ್ಲದರ ಮೇಲೂ ‘ಎಲ್ಲ ಕಾರುಗಳಿಗೂ ಹೊಂದುತ್ತದೆ’ ಎಂಬ ಭರವಸೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾದ ನಮ್ಮಂಥ ವಿದ್ಯಾರ್ಥಿಗಳು ಅಲ್ಲಿ ‘ಬೈ’ ಗುಂಡಿ ಒತ್ತುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಮ್ಮ ಕಾರಿನಲ್ಲಿ ಬೆಲ್ಟನ್ನು ಬಿಗಿ ಹಿಡಿದಿರುವುದು ಯಾವುದು?

ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಸ್ವಲ್ಪ ಹೆಚ್ಚಿನ ತೂಕವಿದೆ. ಅಪ್ಪ ಹಾಸನದಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಹಳೆಯ ಡೀಸೆಲ್ ಕಾರು, ವಾರಕ್ಕೆ ಒಂದೆರಡು ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುತ್ತದೆ. ಕಾರು ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಆ ದಿನದ ದುಡಿಮೆಯೂ ನಿಂತಂತೆ. ಹಾಗಾಗಿ ಬೆಲ್ಟ್ ಬದಲಿಸುವಂಥ ಕೆಲಸವನ್ನು ಮನೆ ಮುಂದೆಯೇ ಮಾಡಿಕೊಳ್ಳಬೇಕೆಂದು ಮೆಕ್ಯಾನಿಕಲ್ ಓದುತ್ತಿರುವ ನನಗೂ ಅಪ್ಪನಿಗೂ ಒಪ್ಪಂದವಾಯಿತು.

ಒಂದೇ ಬೆಲ್ಟ್, ಹಲವು ಕೆಲಸ

ಎಂಜಿನ್ನಿನ ಒಂದು ಪಕ್ಕದಲ್ಲಿ ಹಲವು ಪುಲ್ಲಿಗಳನ್ನು ಬಳಸಿಕೊಂಡು ಹಾವಿನ ಹಾಗೆ ಸುತ್ತಿ ಬರುವ ಚಪ್ಪಟೆ ಬೆಲ್ಟೇ ಸರ್ಪೆಂಟೈನ್ ಬೆಲ್ಟ್. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ‘ಫ್ಯಾನ್ ಬೆಲ್ಟ್’ ಎಂದೇ ಕರೆಯುವುದುಂಟು. ಹಿಂದೆ ಒಂದೊಂದು ಯಂತ್ರಕ್ಕೆ ಒಂದೊಂದು ವಿ-ಬೆಲ್ಟ್ ಇರುತ್ತಿತ್ತು. 1979ರ ಫೋರ್ಡ್ ಮಸ್ಟಾಂಗ್ ಕಾರಿನ ಹೊತ್ತಿಗೆ ಎಲ್ಲಕ್ಕೂ ಒಂದೇ ಬೆಲ್ಟ್ ಎಂಬ ಪದ್ಧತಿ ಬಳಕೆಗೆ ಬಂತು. ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಹಲವು ಕಾರುಗಳಲ್ಲಿ ವಾಟರ್ ಪಂಪ್, ಹೈಡ್ರಾಲಿಕ್ ಸ್ಟೀರಿಂಗ್ ಇದ್ದರೆ ಅದರ ಪಂಪ್ ಎಲ್ಲವೂ ತಿರುಗುವುದು ಇದರಿಂದಲೇ.

ಅನುಕೂಲವೂ ಅದೇ, ಅಪಾಯವೂ ಅದೇ. ಬೆಲ್ಟ್ ತುಂಡಾದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಸ್ಟೀರಿಂಗ್ ಕಲ್ಲಿನಂತೆ ಭಾರವಾಗುತ್ತದೆ. ವಾಟರ್ ಪಂಪ್ ಇದೇ ಬೆಲ್ಟಿನಲ್ಲಿದ್ದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾಯುತ್ತದೆ. ಅಷ್ಟರಲ್ಲಿ ನಿಲ್ಲಿಸದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಘಾಟಿಯ ತಿರುವಿನಲ್ಲಿ, ಹಿಂದೆ ಲಾರಿಗಳ ಸಾಲು ಇರುವಾಗ ಇದು ಬರೀ ಖರ್ಚಿನ ಮಾತಾಗಿ ಉಳಿಯುವುದಿಲ್ಲ.

ಒಂದು ಎಚ್ಚರಿಕೆ: ಟೈಮಿಂಗ್ ಬೆಲ್ಟ್ ಬೇರೆ. ಅದು ಕವರ್‌ನ ಒಳಗಿರುತ್ತದೆ, ಅದರಲ್ಲಿ ಉದ್ದುದ್ದ ಗೆರೆಗಳ ಬದಲು ಅಡ್ಡ ಹಲ್ಲುಗಳಿರುತ್ತವೆ. ಅದರ ಜೋಡಣೆ ಒಂದೆರಡು ಹಲ್ಲು ತಪ್ಪಿದರೂ ಹಲವು ಎಂಜಿನ್ನುಗಳಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುತ್ತವೆ. ಅದಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಇಲ್ಲಿ ಹೇಳುತ್ತಿರುವುದು ಹೊರಗೆ ಕಾಣುವ ಬೆಲ್ಟಿನ ಬಗ್ಗೆ ಮಾತ್ರ.

ಬಿಗಿ ಹಿಡಿಯುವ ಮೂರು ಬಗೆ

ನಮ್ಮ ಬೀದಿಯ ಕೊನೆಯ ಗ್ಯಾರೇಜಿನ ಅಣ್ಣನ ಹತ್ತಿರ ಯಾವ ಟೂಲ್ ತರಲಿ ಎಂದು ಕೇಳಿದ್ದೆ. ‘ಟೂಲ್ ಆಮೇಲೆ ಕಣಪ್ಪಾ. ಟೆನ್ಷನರ್ ಯಾವುದೈತೆ, ಕೈ ಎಲ್ಲಿ ತನಕ ಹೋಗ್ತೈತೆ, ಅದನ್ನ ಮೊದ್ಲು ನೋಡ್ಕೊಂಡು ಬಾ’ ಅಂದರು. ಇಡೀ ಆಯ್ಕೆ ಈ ಎರಡು ಮಾತಿನಲ್ಲೇ ಇದೆ.

ಮೊದಲನೆಯದು, ಬೋಲ್ಟ್‌ನಿಂದ ಬಿಗಿ ಮಾಡುವ ಬಗೆ. ಮಾರುತಿ 800ರಂಥ ಹಳೆಯ ಸಣ್ಣ ಕಾರುಗಳಲ್ಲಿ ಆಲ್ಟರ್ನೇಟರ್ ಒಂದು ಪಟ್ಟಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಬೋಲ್ಟ್ ಸಡಿಲಿಸಿ ಅದನ್ನು ಒಳಗೆ ತಳ್ಳಿದರೆ ಬೆಲ್ಟ್ ಕೈಗೆ ಬರುತ್ತದೆ. ಇದಕ್ಕೆ ಯಾವ ವಿಶೇಷ ಟೂಲೂ ಬೇಡ. ಮನೆಯಲ್ಲಿರುವ ರಿಂಗ್ ಸ್ಪ್ಯಾನರ್ ಸೆಟ್ಟೇ ಸಾಕು.

ಎರಡನೆಯದು, ಸ್ಪ್ರಿಂಗ್ ಇರುವ ಆಟೊಮ್ಯಾಟಿಕ್ ಟೆನ್ಷನರ್. ಒಂದು ತೋಳು, ಅದರ ತುದಿಯಲ್ಲಿ ಪುಲ್ಲಿ, ಒಳಗೆ ಬಲವಾದ ಸ್ಪ್ರಿಂಗ್. ಬೆಲ್ಟ್ ತೆಗೆಯಬೇಕಾದರೆ ಸ್ಪ್ರಿಂಗಿನ ವಿರುದ್ಧ ತೋಳನ್ನು ತಿರುಗಿಸಿ ಹಿಡಿಯಬೇಕು. ‘ಸರ್ಪೆಂಟೈನ್ ಬೆಲ್ಟ್ ಟೂಲ್’ ಹುಟ್ಟಿದ್ದೇ ಈ ಕೆಲಸಕ್ಕೆ.

ಮೂರನೆಯದು, ಟೆನ್ಷನರೇ ಇಲ್ಲದ ಸ್ಟ್ರೆಚ್ ಬೆಲ್ಟ್. ಬೆಲ್ಟೇ ಸ್ವಲ್ಪ ಹಿಗ್ಗಿ ಪುಲ್ಲಿಗಳನ್ನು ಹಿಡಿದುಕೊಳ್ಳುತ್ತದೆ. ಇದನ್ನು ಕೂರಿಸಲು ಪುಲ್ಲಿಯ ಅಂಚಿಗೆ ಸಿಕ್ಕಿಸುವ ಬೇರೆಯದೇ ಸಾಧನ ಬೇಕು. ಉದ್ದನೆಯ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸ್ಕ್ರೂ ಡ್ರೈವರ್ ಹಾಕಿ ಮೀಟಿ ಏರಿಸಿದರೆ ಬೆಲ್ಟಿನ ಒಳಗಿನ ದಾರಗಳು ಹಾಳಾಗುತ್ತವೆ. ಹೊರಗೆ ಏನೂ ಕಾಣದಿದ್ದರೂ ಬೆಲ್ಟ್ ಬೇಗ ಕೈಕೊಡುತ್ತದೆ.

ಅಳೆಯಬೇಕಾದ ಮೂರು ಸಂಗತಿ

ನಮ್ಮ ಕಾರಿನದು ಎರಡನೆಯ ಬಗೆ. ನಿಮ್ಮದೂ ಅದೇ ಆಗಿದ್ದರೆ ಅಂಗಡಿಗೆ ಹೋಗುವ ಮೊದಲು ಒಂದು ಸ್ಕೇಲ್, ಒಂದು ಟಾರ್ಚ್, ಒಂದು ರಟ್ಟಿನ ತುಂಡು ಹಿಡಿದುಕೊಳ್ಳಿ. ಎಂಜಿನ್ ತಣ್ಣಗಾಗಿರಲಿ, ಕೀಲಿ ನಿಮ್ಮ ಜೇಬಿನಲ್ಲಿರಲಿ.

ಒಂದು, ಹಿಡಿತದ ಆಕಾರ. ಟೆನ್ಷನರ್ ತೋಳಿನಲ್ಲಿ ಚೌಕದ ತೂತು ಇದೆಯೇ, ಷಟ್ಕೋನದ ತಲೆ ಇದೆಯೇ ನೋಡಿ. ಚೌಕವಾದರೆ ಸಾಮಾನ್ಯವಾಗಿ ಮೂರು ಎಂಟಾಂಶ ಇಂಚು (9.5 ಮಿ.ಮೀ.) ಅಥವಾ ಅರ್ಧ ಇಂಚು (12.7 ಮಿ.ಮೀ.). ಷಟ್ಕೋನವಾದರೆ 13ರಿಂದ 19 ಮಿ.ಮೀ. ನಡುವಿನ ಯಾವುದಾದರೂ ಅಳತೆ. ನಮ್ಮದು 15 ಮಿ.ಮೀ. ಷಟ್ಕೋನ. ಅಂದರೆ ಹತ್ತಾರು ತುಂಡುಗಳ ಪೆಟ್ಟಿಗೆಯಲ್ಲಿ ನಮಗೆ ಬೇಕಿದ್ದದ್ದು ಒಂದೇ ಒಂದು ಸಾಕೆಟ್.

ಎರಡು, ಜಾಗ. ಎಂಜಿನ್ ಅಡ್ಡಲಾಗಿ ಕೂತಿರುವ ಕಾರುಗಳಲ್ಲಿ ಬೆಲ್ಟ್ ಇರುವ ಪಕ್ಕ ಚಾಸಿಸ್‌ಗೆ ಮುಖ ಮಾಡಿರುತ್ತದೆ. ನಡುವೆ ಕೆಲವು ಬೆರಳಿನಷ್ಟೇ ಸಂದು. ಸಾಕೆಟ್ ಹಾಕಿ ಅದಕ್ಕೊಂದು ರ‍್ಯಾಚೆಟ್ ಸಿಕ್ಕಿಸಿದರೆ ಅದರ ದಪ್ಪಕ್ಕೇ ಜಾಗ ಸಾಲದೆ ಹೋಗಬಹುದು. ತೆಳುವಾದ ಪಟ್ಟಿಯ ಟೂಲಿಗೆ ದುಡ್ಡು ಕೊಡಬೇಕಾದ ನಿಜವಾದ ಕಾರಣ ಇದೊಂದೇ. ಸಂದಿನ ಅಗಲ ಅಳೆದು ಬರೆದುಕೊಳ್ಳಿ.

ಮೂರು, ಬೀಸು. ಟೂಲ್ ಒಳಗೆ ಹೋದರಷ್ಟೇ ಸಾಲದು, ಟೆನ್ಷನರ್ ಹಿಂದೆ ಸರಿಯುವಷ್ಟು ಅದು ತಿರುಗಲೂಬೇಕು. ರಟ್ಟನ್ನು ಟೂಲಿನ ಉದ್ದಕ್ಕೆ ಕತ್ತರಿಸಿ, ಒಂದು ತುದಿಯನ್ನು ಟೆನ್ಷನರ್ ಮೇಲಿಟ್ಟು ತಿರುಗಿಸಿ ನೋಡಿ. ಹೋಸ್ ಪೈಪಿಗೋ ಬ್ಯಾಟರಿ ಟ್ರೇಗೋ ತಾಗುತ್ತದೆಯೇ ಎಂಬುದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಕಾಸು ಖರ್ಚಿಲ್ಲದ ಪರೀಕ್ಷೆ.

ಉದ್ದ ಏಕೆ ಬೇಕು?

ಇಲ್ಲಿ ಪಿಯುಸಿ ಭೌತಶಾಸ್ತ್ರ ನೆನಪಿಸಿಕೊಳ್ಳಿ. ಟಾರ್ಕ್ ಎಂದರೆ ಬಲ ಗುಣಿಸು ದೂರ. ಟೆನ್ಷನರ್ ತಿರುಗಿಸಲು 60 ನ್ಯೂಟನ್ ಮೀಟರ್ ಬೇಕು ಎಂದಿಟ್ಟುಕೊಳ್ಳಿ. 20 ಸೆಂ.ಮೀ. ಉದ್ದದ ಸ್ಪ್ಯಾನರ್ ಆದರೆ 300 ನ್ಯೂಟನ್ ಬಲ ಹಾಕಬೇಕು, ಅಂದರೆ ಸುಮಾರು 30 ಕಿಲೊ ಭಾರ ಎತ್ತಿದಷ್ಟು. 60 ಸೆಂ.ಮೀ. ಪಟ್ಟಿಯಾದರೆ 100 ನ್ಯೂಟನ್, ಸುಮಾರು 10 ಕಿಲೊ. ಒಂದು ಕೈಯಲ್ಲಿ ಟೂಲ್ ಹಿಡಿದು ಇನ್ನೊಂದು ಕೈಯಲ್ಲಿ ಬೆಲ್ಟ್ ಜಾರಿಸಬೇಕಾದವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಗಿಡ್ಡ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಉದ್ದ ಮಾಡುವುದು ನಮ್ಮೂರಿನ ಹಳೆಯ ಉಪಾಯ. ಆದರೆ ಪೈಪ್ ಜಾರಿದರೆ ಟೆನ್ಷನರ್ ರಪ್ಪನೆ ವಾಪಸ್ ಬಡಿಯುತ್ತದೆ. ಆಗ ಬೆರಳು ಪುಲ್ಲಿಯ ಹತ್ತಿರ ಇರಬಾರದು.

ಈಗ ಆಯ್ಕೆ ಸುಲಭ. ಜಾಗ ಧಾರಾಳವಾಗಿದ್ದರೆ ಅರ್ಧ ಇಂಚಿನ ಬ್ರೇಕರ್ ಬಾರ್ ಮತ್ತು ಸರಿಯಾದ ಅಳತೆಯ ಒಂದು ಸಾಕೆಟ್ ಕೊಳ್ಳಿ. ಇದೇ ಬಾರ್ ಚಕ್ರದ ನಟ್ ಬಿಚ್ಚಲೂ ಆಗುತ್ತದೆ. ಸಾಕೆಟ್ ಆರು ಮೂಲೆಯದಾಗಿರಲಿ. ಹನ್ನೆರಡು ಮೂಲೆಯದಕ್ಕಿಂತ ಅದು ಬೋಲ್ಟಿನ ತಲೆಯನ್ನು ಚೆನ್ನಾಗಿ ಹಿಡಿಯುತ್ತದೆ, ಮೂಲೆ ಸವೆಯುವುದು ಕಡಿಮೆ. ಚೌಕದ ತೂತಾದರೆ ಸಾಕೆಟ್ಟೂ ಬೇಡ, ಅಳತೆ ಹೊಂದುವ ಬಾರಿನ ತುದಿಯೇ ಅದರೊಳಗೆ ಕೂರುತ್ತದೆ. ಜಾಗ ಇಕ್ಕಟ್ಟಾಗಿದ್ದರೆ ಮಾತ್ರ ತೆಳು ಪಟ್ಟಿಯ ಟೂಲ್. ಸ್ನೇಹಿತರ ನಾಲ್ಕಾರು ಬೇರೆ ಬೇರೆ ಕಾರು ನೋಡುವವರಿಗೆ ಪೂರ್ತಿ ಸೆಟ್ ಸರಿ, ಅದನ್ನೂ ಹಂಚಿಕೊಂಡು ಕೊಂಡರೆ ಇನ್ನೂ ಸರಿ. ಕೈಗೆತ್ತಿಕೊಂಡು ನೋಡಿ ಕೊಳ್ಳಬೇಕೆಂದರೆ ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಟೂಲ್ ಅಂಗಡಿಗಳ ಸಾಲೇ ಇದೆ, ಬಿಡಿಭಾಗಕ್ಕೆ ಜೆ.ಸಿ. ರಸ್ತೆ. ಬಾರಿನ ಮೇಲೆ ‘ಕ್ರೋಮ್ ವೆನೇಡಿಯಮ್’ ಎಂದು ಅಚ್ಚಾಗಿದೆಯೇ ನೋಡಿ.

ನಮ್ಮ ಕಾರಿನಲ್ಲಿ ಸಂದು ಸಾಕಷ್ಟಿತ್ತು. ಬಾರ್ ಮತ್ತು 15 ಮಿ.ಮೀ. ಸಾಕೆಟ್, ಇಷ್ಟರಲ್ಲೇ ಕೆಲಸ ಮುಗಿಯಿತು. ಅಪ್ಪ ಬಾರ್ ಎಳೆದು ಹಿಡಿದರು, ನಾನು ಬೆಲ್ಟ್ ಜಾರಿಸಿದೆ. ಮಧ್ಯಾಹ್ನದ ಬಾಡಿಗೆಗೆ ಕಾರು ಸಿದ್ಧವಾಗಿತ್ತು.

ಕೆಲಸಕ್ಕೆ ಇಳಿದಾಗ

ಬೆಲ್ಟ್ ತೆಗೆಯುವ ಮೊದಲು ಅದು ಹೋಗುವ ದಾರಿಯ ಫೋಟೊ ತೆಗೆದುಕೊಳ್ಳಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಚಕ್ರ ಬಿಚ್ಚಿ ಪಕ್ಕದಿಂದ ಕೈ ಹಾಕಬೇಕಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ. ಟೆನ್ಷನರ್ ಯಾವ ಕಡೆ ತಿರುಗಬೇಕೆಂದು ಸ್ಪ್ರಿಂಗ್ ಒತ್ತುವ ದಿಕ್ಕು ನೋಡಿ ತಿಳಿದುಕೊಳ್ಳಿ. ಹಿಡಿತ ಪುಲ್ಲಿಯ ಬೋಲ್ಟಿನ ಮೇಲೇ ಇದ್ದರೆ ತಪ್ಪು ದಿಕ್ಕಿಗೆ ತಿರುಗಿಸಿದಾಗ ಬೋಲ್ಟೇ ಸಡಿಲವಾಗುತ್ತದೆ. ಕೆಲವು ಟೆನ್ಷನರ್‌ಗಳಲ್ಲಿ ಪಿನ್ ಸಿಕ್ಕಿಸಿ ಲಾಕ್ ಮಾಡುವ ಸಣ್ಣ ತೂತು ಇರುತ್ತದೆ. ಅದಿದ್ದರೆ ಒಂದು ಅಲೆನ್ ಕೀ ನಿಮ್ಮ ಮೂರನೆಯ ಕೈಯಾಗುತ್ತದೆ.

ಹೊಸ ಬೆಲ್ಟ್ ತರುವಾಗ ಹಳೆಯದರ ಮೇಲಿನ ಸಂಖ್ಯೆ ಓದಿ. ‘6ಪಿಕೆ1200’ ಎಂದಿದ್ದರೆ ಆರು ಗೆರೆ, 1200 ಮಿ.ಮೀ. ಉದ್ದ ಎಂದರ್ಥ. ‘ಪಿಕೆ’ ಎಂಬುದು ಗೆರೆಗಳ ಆಕಾರದ ಗುರುತು, ಎರಡು ಗೆರೆಗಳ ನಡುವೆ 3.56 ಮಿ.ಮೀ. ಅಂತರ. ಹಾಕಿದ ಮೇಲೆ ಪ್ರತಿ ಪುಲ್ಲಿಯಲ್ಲೂ ಗೆರೆಗಳು ಸರಿಯಾಗಿ ಕೂತಿವೆಯೇ ಎಂದು ಬೆರಳಿಟ್ಟು ನೋಡಿಯೇ ಸ್ಟಾರ್ಟ್ ಮಾಡಿ.

ಕಿರ್ರ್ ಎಂದ ಮಾತ್ರಕ್ಕೆ ಬೆಲ್ಟ್ ಬದಲಿಸಬೇಕಿಲ್ಲ ಎಂಬುದೂ ಗೊತ್ತಿರಲಿ. ಎಂಜಿನ್ ಓಡುವಾಗ ದೂರದಿಂದ ಬೆಲ್ಟಿನ ಗೆರೆಗಳ ಮೇಲೆ ಸ್ವಲ್ಪ ನೀರು ಸಿಂಪಡಿಸಿ. ಸದ್ದು ಜೋರಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ಸದ್ದು ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲ್ಲಿಗಳ ಸಾಲು ಸರಿಯಿಲ್ಲ. ಈ ಪರೀಕ್ಷೆಗೆ ಮೊದಲು ಕೊರಳಿನ ಐಡಿ ಕಾರ್ಡ್ ದಾರ, ದುಪಟ್ಟಾ ತೆಗೆದಿಡಿ. ಇನ್ನು, ಹಳೆಯ ನಿಯೋಪ್ರೀನ್ ಬೆಲ್ಟುಗಳು ಬಿರುಕು ಬಿಟ್ಟು ಸುಳಿವು ಕೊಡುತ್ತಿದ್ದವು. ಈಗಿನ ಇಪಿಡಿಎಂ ರಬ್ಬರ್ ಬೆಲ್ಟುಗಳು ಟೈರಿನಂತೆ ಮೆಲ್ಲನೆ ಸವೆಯುತ್ತವೆ. ಬಿರುಕಿಲ್ಲ ಎಂದ ಮಾತ್ರಕ್ಕೆ ಚೆನ್ನಾಗಿದೆ ಎಂದಲ್ಲ, ಗೆರೆಗಳ ನಡುವಿನ ಆಳ ನೋಡಬೇಕು.

ಬೆಲ್ಟ್ ಡ್ರೈವ್ ಪಾಠದಲ್ಲಿ ಬಿಗಿ ಬದಿ, ಸಡಿಲ ಬದಿ, ಸುತ್ತುಕೋನ ಎಂದೆಲ್ಲ ಬರೆದು ಅಂಕ ತೆಗೆದುಕೊಂಡಿದ್ದೆವು. ಐಡ್ಲರ್ ಪುಲ್ಲಿ ಬೆಲ್ಟಿನ ಬೆನ್ನನ್ನು ಒತ್ತಿ ಪಕ್ಕದ ಪುಲ್ಲಿಯ ಸುತ್ತುಕೋನ ಹೆಚ್ಚಿಸುವುದನ್ನು ಬಾನೆಟ್ ಕೆಳಗೆ ಕಣ್ಣಾರೆ ಕಂಡ ಮೇಲೆ ಆ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳಲಿಲ್ಲ. ಕೋರ್ ಕಂಪನಿಯ ಸಂದರ್ಶನಕ್ಕೆ ತಯಾರಾಗುತ್ತಿರುವ ಗೆಳೆಯರು ಒಂದು ಭಾನುವಾರ ಬೆಳಗ್ಗೆ ಮನೆಯ ಕಾರೋ ಪಕ್ಕದ ಮನೆಯ ಅಂಕಲ್ ಕಾರೋ ಕೇಳಿಕೊಂಡು ಆ ಟೆನ್ಷನರ್ ಯಾವ ಬಗೆಯದು ಎಂದು ಹುಡುಕಿ ನೋಡಿ. ಟೂಲ್ ಕೊಳ್ಳಬೇಕೋ ಬೇಡವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.