ಮಳೆ ನೀರು ನುಗ್ಗಿದ ಮನೆಗಳಲ್ಲಿ ಬೂಷ್ಟು: ನಿವಾಸಿಗಳಿಗೆ ಹಾಗೂ ಪರಿಹಾರದ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಬೆಂಗಳೂರು ನಗರದಲ್ಲಿ 2017ರಲ್ಲಿ ಸುಮಾರು 1,696 ಮಿ.ಮೀ. ಮಳೆಯಾಗಿ ಹೊಸ ದಾಖಲೆಯಾಯಿತು. 2022ರಲ್ಲಿ 1,900 ಮಿ.ಮೀ.ಗೂ ಅಧಿಕ ಮಳೆ ಸುರಿದು ಆ ದಾಖಲೆಯೂ ಮುರಿಯಿತು. ಆ ವರ್ಷದ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಕೊನೆಗೊಂಡ 24 ಗಂಟೆಗಳಲ್ಲಿಯೇ 131.6 ಮಿ.ಮೀ. ಮಳೆ ದಾಖಲಾಗಿ, ನಗರದ ಪೂರ್ವ ಭಾಗದ ಅನೇಕ ಬಡಾವಣೆಗಳು ಜಲಾವೃತವಾದವು. ನೀರು ಇಳಿದ ಬಳಿಕ ಮನೆಗಳಲ್ಲಿ ಉಳಿಯುವ ತೇವ ಮತ್ತು ಅದರಿಂದ ಬೆಳೆಯುವ ಬೂಷ್ಟು ನಿವಾಸಿಗಳ ಆರೋಗ್ಯಕ್ಕೂ ಕಟ್ಟಡಕ್ಕೂ ಹಾನಿಕರ. ಈ ಬಗ್ಗೆ ಬಳೇಪೇಟೆ ಮತ್ತು ಸುತ್ತಲಿನ ಹಳೆಯ ಪೇಟೆಗಳ ನಿವಾಸಿಗಳಿಗೆ ಉಪಯುಕ್ತವಾಗುವ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಹಳೆಯ ಪೇಟೆಯ ಮನೆಗಳಲ್ಲಿ ತೇವ ಉಳಿಯಲು ಕಾರಣಗಳು

ಬಳೇಪೇಟೆಯು ಈಗಿನ ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಸಮೀಪದಲ್ಲಿದೆ. ಬಸ್ ನಿಲ್ದಾಣವಿರುವ ತಗ್ಗು ಪ್ರದೇಶವು ಹಿಂದೆ ಧರ್ಮಾಂಬುಧಿ ಕೆರೆಯ ಅಂಗಳವಾಗಿತ್ತು. ಪೇಟೆಯ ಕಿರಿದಾದ ಬೀದಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ಸೇರಿಕೊಂಡಿರುವುದರಿಂದ ಬಿಸಿಲು ಹಾಗೂ ಗಾಳಿಯ ಸಂಚಾರ ಕಡಿಮೆ. ಕೆಳ ಅಂತಸ್ತಿನಲ್ಲಿ ಅಂಗಡಿ ಅಥವಾ ಗೋದಾಮು, ಮೇಲಂತಸ್ತಿನಲ್ಲಿ ವಾಸ ಇರುವ ಕಟ್ಟಡಗಳಲ್ಲಿ ಬಟ್ಟೆ, ಕಾಗದ, ರಟ್ಟಿನ ಪೆಟ್ಟಿಗೆ ಮುಂತಾದ ಸರಕುಗಳು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತವೆ.

ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಗೋಡೆಗಳು ಹೀರಿದ ನೀರನ್ನು ನಿಧಾನವಾಗಿ ಆವಿಯಾಗಿ ಹೊರಬಿಡುತ್ತವೆ. ಇಂತಹ ಗೋಡೆಗೆ ತರುವಾಯ ಸಿಮೆಂಟ್ ಗಿಲಾವು ಅಥವಾ ಪ್ಲಾಸ್ಟಿಕ್ ಬಣ್ಣ ಬಳಿದಿದ್ದಲ್ಲಿ ತೇವವು ಒಳಗೇ ಸಿಲುಕಿ, ಬಣ್ಣ ಉಬ್ಬುವುದು, ಗಾರೆ ಉದುರುವುದು, ಬೂಷ್ಟು ಹಿಡಿಯುವುದು ಸಂಭವಿಸುತ್ತದೆ.

ಬೂಷ್ಟು ಎಂದರೇನು?

ಬೂಷ್ಟು ಒಂದು ಬಗೆಯ ಶಿಲೀಂಧ್ರ. ಅದರ ಸೂಕ್ಷ್ಮ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ. ನೆನೆದ ಮರ, ಬಟ್ಟೆ, ಕಾಗದ ಅಥವಾ ಗೋಡೆಯ ಮೇಲಿನ ಧೂಳು ದೊರೆತಲ್ಲಿ 24ರಿಂದ 48 ಗಂಟೆಗಳೊಳಗೆ ಬೆಳವಣಿಗೆ ಆರಂಭವಾಗಬಹುದು. ಆದುದರಿಂದ ನೀರು ಇಳಿದ ನಂತರದ ಮೊದಲ ಎರಡು ದಿನಗಳು ಅತಿ ಮುಖ್ಯ.

ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ತೇವ ಮತ್ತು ಬೂಷ್ಟು ಇರುವ ಮನೆಗಳ ವಾಸಿಗಳಲ್ಲಿ ಕೆಮ್ಮು, ಉಬ್ಬಸ ಹಾಗೂ ಆಸ್ತಮಾ ತೊಂದರೆಗಳು ಹೆಚ್ಚು. ಮಕ್ಕಳು, ವೃದ್ಧರು, ಆಸ್ತಮಾ ರೋಗಿಗಳು ಹಾಗೂ ರೋಗನಿರೋಧಕ ಶಕ್ತಿ ಕುಂದಿದವರು ವಿಶೇಷ ಎಚ್ಚರಿಕೆ ವಹಿಸಬೇಕು.

2021ರಲ್ಲಿ ಕೋವಿಡ್ ಸಂದರ್ಭದಲ್ಲಿ 'ಕಪ್ಪು ಶಿಲೀಂಧ್ರ' ಎಂದು ಕರೆಯಲಾದ ಕಾಯಿಲೆ ಮ್ಯೂಕರ್‌ಮೈಕೋಸಿಸ್. ಗೋಡೆಯ ಮೇಲಿನ ಪ್ರತಿಯೊಂದು ಕಪ್ಪು ಕಲೆಯೂ ಆ ಕಾಯಿಲೆಗೆ ಕಾರಣವಾಗುವ ಶಿಲೀಂಧ್ರವೆಂದು ಭಯಪಡಬೇಕಾಗಿಲ್ಲ. ಆದರೆ ಮಧುಮೇಹ ನಿಯಂತ್ರಣದಲ್ಲಿ ಇಲ್ಲದವರು ಬೂಷ್ಟು ಶುಚಿಗೊಳಿಸುವ ಕೆಲಸದಿಂದ ದೂರವಿರುವುದು ಕ್ಷೇಮ.

ಮನೆಗೆ ಮರಳಿದಾಗ ಅನುಸರಿಸಬೇಕಾದ ಕ್ರಮ

1. ವಿದ್ಯುತ್: ಮೈನ್ ಸ್ವಿಚ್ ತಲುಪುವ ದಾರಿಯಲ್ಲಿ ನೀರಿದ್ದಲ್ಲಿ ಒಳಗೆ ಕಾಲಿಡದೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡತಕ್ಕದ್ದು. 2025ರ ಮೇ ತಿಂಗಳ ಮಳೆಯಲ್ಲಿ ಬಿ.ಟಿ.ಎಂ. ಬಡಾವಣೆಯ ಕಟ್ಟಡವೊಂದರ ನೆಲಮಾಳಿಗೆಯಿಂದ ನೀರು ಹೊರಹಾಕುತ್ತಿದ್ದಾಗ ವಿದ್ಯುತ್ ತಗುಲಿ ಇಬ್ಬರು ಮೃತಪಟ್ಟರು. ನೆನೆದ ವೈರಿಂಗ್ ಅನ್ನು ಪರೀಕ್ಷಿಸುವವರೆಗೆ ಪಂಪ್, ಫ್ಯಾನ್ ಚಾಲನೆ ಮಾಡಬಾರದು.

2. ಛಾಯಾಚಿತ್ರ: ಯಾವುದೇ ವಸ್ತುವನ್ನು ತೆಗೆಯುವ ಮುನ್ನ ಗೋಡೆಯ ಮೇಲಿನ ನೀರಿನ ಗುರುತು, ನೆನೆದ ಸಾಮಾನು ಹಾಗೂ ಪ್ರತಿ ಕೋಣೆಯ ಚಿತ್ರಗಳನ್ನು ತೆಗೆದುಕೊಳ್ಳಬೇಕು.

3. ಒಣಗಿಸುವಿಕೆ: ಹಗಲಿನಲ್ಲಿ ಎದುರುಬದುರಾದ ಕಿಟಕಿ, ಬಾಗಿಲುಗಳನ್ನು ತೆರೆದಿಡಬೇಕು. ಫ್ಯಾನ್ ಅನ್ನು ತೇವದ ಗಾಳಿ ಹೊರಹೋಗುವಂತೆ ಇರಿಸಬೇಕು. ಬೀರು, ಮಂಚಗಳನ್ನು ಗೋಡೆಯಿಂದ ದೂರ ಸರಿಸಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಒಲೆ ಉರಿಸುವುದಾಗಲಿ ಜನರೇಟರ್ ಇಡುವುದಾಗಲಿ ಪ್ರಾಣಾಪಾಯಕರ.

4. ಶುಚಿಗೊಳಿಸುವಿಕೆ: ಎನ್-95 ಮುಖಗವಸು, ರಬ್ಬರ್ ಕೈಗವಸು ಹಾಗೂ ಕನ್ನಡಕ ಧರಿಸಬೇಕು. ಒಣ ಬೂಷ್ಟನ್ನು ಪೊರಕೆಯಿಂದ ಗುಡಿಸಿದರೆ ಬೀಜಕಣಗಳು ಮನೆಯಲ್ಲೆಲ್ಲಾ ಹರಡುತ್ತವೆ. ಆದ್ದರಿಂದ ಮೊದಲು ಒದ್ದೆ ಮಾಡಿ, ಸೋಪಿನ ನೀರಿನಿಂದ ಉಜ್ಜಿ ತೊಳೆಯಬೇಕು. ಕಲ್ಲು, ಟೈಲ್ಸ್ ಮುಂತಾದ ನೀರು ಹೀರದ ಮೇಲ್ಮೈಗಳಿಗೆ 4 ಲೀಟರ್ ನೀರಿಗೆ 250 ಮಿ.ಲೀ.ಗೆ ಮೀರದಂತೆ ಮನೆಬಳಕೆಯ ದ್ರವ ಬ್ಲೀಚ್ ಬೆರೆಸಿ ಬಳಸಬಹುದು. ಬ್ಲೀಚನ್ನು ಆಸಿಡ್ ಅಥವಾ ಅಮೋನಿಯಾ ಇರುವ ಶುಚಿಕಾರಕದೊಂದಿಗೆ ಎಂದಿಗೂ ಬೆರೆಸಬಾರದು; ವಿಷಾನಿಲ ಉತ್ಪತ್ತಿಯಾಗುತ್ತದೆ. ಧೂಪ, ಸಾಂಬ್ರಾಣಿ ಹೊಗೆಯಿಂದ ವಾಸನೆ ಮರೆಯಾಗುವುದೇ ಹೊರತು ಬೂಷ್ಟು ನಾಶವಾಗುವುದಿಲ್ಲ.

5. ವಿಲೇವಾರಿ: ಚರಂಡಿ ನೀರಿನಲ್ಲಿ ನೆನೆದ ಹತ್ತಿಯ ಹಾಸಿಗೆ, ದಿಂಬು, ರಟ್ಟು, ಆಹಾರ ಧಾನ್ಯಗಳನ್ನು ಉಳಿಸಿಕೊಳ್ಳಬಾರದು. ನೆನೆದ ಕಾಗದಪತ್ರಗಳನ್ನು ಬಿಸಿಲಿಗೆ ಹಾಕದೆ, ಬಿಡಿಬಿಡಿಯಾಗಿ ಹರಡಿ ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು.

ಬಣ್ಣ ಬಳಿಯುವ ಮುನ್ನ

ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕಾಗಬಹುದು. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟು ನೋಡಬೇಕು. ಹಾಳೆಯ ಹಿಂಬದಿಯಲ್ಲಿ ನೀರಿನ ಹನಿ ಕಂಡರೆ ಗೋಡೆಯೊಳಗೆ ಇನ್ನೂ ತೇವವಿದೆ ಎಂದರ್ಥ. ಹನಿಗಳು ಮುಂಬದಿಯಲ್ಲಿದ್ದರೆ ಕೋಣೆಯ ಗಾಳಿಯಲ್ಲಿ ತೇವ ಹೆಚ್ಚಿದ್ದು, ಗಾಳಿಯ ಸಂಚಾರವನ್ನು ಹೆಚ್ಚಿಸಬೇಕು. ಗಾರೆಯ ಗೋಡೆಗಳಿಗೆ ಸುಣ್ಣ ಬಳಿಯುವುದು ಉತ್ತಮ. ಸುಣ್ಣದ ಕ್ಷಾರಗುಣವು ಬೂಷ್ಟಿನ ಬೆಳವಣಿಗೆಯನ್ನು ತಡೆಯುತ್ತದೆ ಮತ್ತು ಗೋಡೆಯ ತೇವ ಹೊರಹೋಗಲು ಅಡ್ಡಿಯಾಗುವುದಿಲ್ಲ.

ಪರಿಹಾರಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಕೇಂದ್ರ ಸರ್ಕಾರವು 2022-23ರಿಂದ 2025-26ರ ಅವಧಿಗೆ ರಾಜ್ಯ ವಿಪತ್ತು ಪ್ರತಿಕ್ರಿಯೆ ನಿಧಿಗೆ ನಿಗದಿಪಡಿಸಿದ ಮಾನದಂಡಗಳಂತೆ, ಎರಡು ದಿನಗಳಿಗಿಂತ ಹೆಚ್ಚು ಕಾಲ ತೀವ್ರವಾಗಿ ಜಲಾವೃತವಾದ ಮನೆಯ ಕುಟುಂಬಕ್ಕೆ ಬಟ್ಟೆಬರೆಗಾಗಿ ರೂ. 2,500 ಹಾಗೂ ಪಾತ್ರೆ, ಗೃಹೋಪಯೋಗಿ ವಸ್ತುಗಳಿಗಾಗಿ ರೂ. 2,500 ನೆರವಿಗೆ ಅವಕಾಶವಿತ್ತು. ಕನಿಷ್ಠ ಶೇ. 15ರಷ್ಟು ಭಾಗಶಃ ಹಾನಿಯಾದ ಪಕ್ಕಾ ಮನೆಗೆ ರೂ. 6,500, ಕಚ್ಚಾ ಮನೆಗೆ ರೂ. 4,000 ನಿಗದಿಯಾಗಿತ್ತು. ರಾಜ್ಯ ಸರ್ಕಾರವು ಆಯಾ ವಿಪತ್ತಿಗೆ ಹೆಚ್ಚಿನ ಮೊತ್ತವನ್ನು ಘೋಷಿಸುವುದುಂಟು. 2019ರ ಪ್ರವಾಹದಲ್ಲಿ ನೀರು ನುಗ್ಗಿದ ಮನೆಯ ಕುಟುಂಬಗಳಿಗೆ ರೂ. 10,000 ತುರ್ತು ಪರಿಹಾರ ನೀಡಲಾಗಿತ್ತು. ಅರ್ಜಿಯ ದಿನಾಂಕದಂದು ಜಾರಿಯಲ್ಲಿರುವ ಮೊತ್ತವನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ತಿಳಿಯಬಹುದು.

ಮೇಲ್ಕಂಡ ಮಾನದಂಡಗಳು ಮನೆ ಜಲಾವೃತವಾದ ಅವಧಿ ಮತ್ತು ಕಟ್ಟಡಕ್ಕಾದ ಹಾನಿಯನ್ನು ಆಧರಿಸಿವೆಯೇ ಹೊರತು ಬೂಷ್ಟನ್ನಲ್ಲ. ಆದುದರಿಂದ ವಾರಗಳ ನಂತರ ಬೂಷ್ಟಿನ ಚಿತ್ರವನ್ನು ಮಾತ್ರ ಲಗತ್ತಿಸಿದ ಅರ್ಜಿಗೆ ಆಧಾರ ಸಾಲದಾಗಬಹುದು. ನೀರು ನುಗ್ಗಿದ ದಿನಾಂಕ ಹಾಗೂ ವೇಳೆ, ನಿಂತ ಅವಧಿ ಮತ್ತು ಎತ್ತರವನ್ನು ಅರ್ಜಿಯಲ್ಲಿ ನಮೂದಿಸಿ, ಛಾಯಾಚಿತ್ರ, ವಾಸದ ದಾಖಲೆ ಹಾಗೂ ಬ್ಯಾಂಕ್ ಖಾತೆಯ ವಿವರಗಳನ್ನು ಲಗತ್ತಿಸಿ, ಸ್ವೀಕೃತಿ ಪಡೆಯಬೇಕು. ಬಾಡಿಗೆದಾರರು ಕರಾರುಪತ್ರದ ಪ್ರತಿಯನ್ನು ಇಟ್ಟುಕೊಂಡಿರಬೇಕು.

ಸ್ಥಳ ಮಹಜರು ಆಗುವವರೆಗೆ ಮನೆಯನ್ನು ಶುಚಿಗೊಳಿಸಬಾರದೆಂಬ ಭಾವನೆ ಕೆಲವರಲ್ಲಿದೆ. ಒದ್ದೆ ಹಾಸಿಗೆ, ಬಟ್ಟೆಗಳ ನಡುವೆ ದಿನಗಟ್ಟಲೆ ಕಾಯುವುದರಿಂದ ಮಕ್ಕಳ ಹಾಗೂ ವೃದ್ಧರ ಆರೋಗ್ಯ ಕೆಡುತ್ತದೆ. ಛಾಯಾಚಿತ್ರ ತೆಗೆದು, ಎಸೆಯುವ ವಸ್ತುಗಳ ಪಟ್ಟಿಗೆ ನೆರೆಹೊರೆಯ ಇಬ್ಬರ ಸಹಿ ಪಡೆದು, ಶುಚಿಗೊಳಿಸುವ ಕಾರ್ಯವನ್ನು ಕೂಡಲೇ ಆರಂಭಿಸುವುದು ಸೂಕ್ತ. ಗೋಡೆಯ ಮೇಲಿನ ನೀರಿನ ಗುರುತನ್ನು ಒಂದು ಕಡೆ ಹಾಗೆಯೇ ಉಳಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.

ಗೋಡೆ ವಾಲಿರುವುದು, ತೊಲೆ ಬಾಗಿರುವುದು ಅಥವಾ ಹೊಸ ಬಿರುಕುಗಳು ಕಂಡುಬಂದಲ್ಲಿ ಕೂಡಲೇ ಮನೆಯನ್ನು ತೆರವುಗೊಳಿಸಿ, ತುರ್ತು ಸಂಖ್ಯೆ 112 ಅಥವಾ ಜಿಲ್ಲಾ ವಿಪತ್ತು ಸಹಾಯವಾಣಿ 1077ನ್ನು ಸಂಪರ್ಕಿಸತಕ್ಕದ್ದು.