‘ವಿ ಆರ್ ವೇಟಿಂಗ್’ ತಪ್ಪೇ?

ನಿವೃತ್ತ ಇಂಗ್ಲಿಷ್ ಮೇಷ್ಟ್ರು ಎಲ್ಲಿಗೆ ಹೋದರೂ ಯಾರಾದರೂ ಒಂದು ಚೀಟಿ ಮುಂದೊಡ್ಡಿ ‘ಈ ವಾಕ್ಯ ಸರಿಯೇ ನೋಡಿ ಸಾರ್’ ಎನ್ನುವುದು ತಪ್ಪುವುದಿಲ್ಲ. ಕಾರವಾರ ತಾಲ್ಲೂಕಿನ ತೋಡೂರಿನಲ್ಲಿ ನನಗೆ ಸಿಕ್ಕ ಚೀಟಿ ಮಾತ್ರ ಸುಲಭದ್ದಾಗಿರಲಿಲ್ಲ.

ಸೀಬರ್ಡ್ ನೌಕಾನೆಲೆಗಾಗಿ ನೆಲೆ ಕಳೆದುಕೊಂಡವರ ಪುನರ್ವಸತಿ ಕಾಲೊನಿ ಇಲ್ಲಿದೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಇಟ್ಟ ಯೋಜನೆ ಅದು. ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅರ್ಜಿಗೆ ಇಂಗ್ಲಿಷ್ ಎಂಬ ತ್ರಿಭಾಷಾ ಸೂತ್ರವನ್ನು ಇಲ್ಲಿನ ಜನ ಯಾವ ಸಮಿತಿಯ ವರದಿಗೂ ಕಾಯದೆ ಪಾಲಿಸುತ್ತಾರೆ.

ಉದ್ಯೋಗದ ಅರ್ಜಿಯಲ್ಲಿ ಒಬ್ಬ ಯುವಕ ‘ಐ ಆ್ಯಮ್ ಹ್ಯಾವಿಂಗ್ ಎಕ್ಸ್‌ಪೀರಿಯನ್ಸ್’ ಎಂದು ಬರೆದಿದ್ದ. ಊಟ ಮಾಡುತ್ತಿದ್ದೇನೆ ಎನ್ನಲು ‘ಹ್ಯಾವಿಂಗ್ ಲಂಚ್’ ಸರಿ. ಒಡೆತನ ಅಥವಾ ಅನುಭವ ಹೇಳಲು ‘ಐ ಹ್ಯಾವ್’ ಸಾಕು. ಕನ್ನಡದಲ್ಲಿ ‘ಹ್ಯಾವ್’ಗೆ ನೇರ ಕ್ರಿಯಾಪದವೇ ಇಲ್ಲ. ‘ನನಗೆ ಅನುಭವ ಇದೆ’ ಎನ್ನುತ್ತೇವೆ. ಅದೇ ‘ಇದೆ’ಯೇ ‘ಬರುತ್ತಿದೆ’ಯಲ್ಲೂ ಕೂತಿರುವುದರಿಂದ ‘ಇಂಗ್’ ತಾನಾಗಿ ಅಂಟಿಕೊಳ್ಳುತ್ತದೆಂಬುದು ನನ್ನ ಊಹೆ. ‘ಡಿಸ್ಕಸ್ ಅಬೌಟ್’ ಎಂಬುದೂ ನಮ್ಮ ‘ಬಗ್ಗೆ ಚರ್ಚಿಸು’ವಿನ ನೆರಳೇ. ಇವು ದಡ್ಡತನದ ಗುರುತುಗಳಲ್ಲ, ಇನ್ನೊಂದು ವ್ಯಾಕರಣದ ಹೆಜ್ಜೆಗುರುತುಗಳು. ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ವ್ಯಾಕರಣವನ್ನು 1604ರಲ್ಲಿ ಕಟ್ಟಿಕೊಟ್ಟ ಭಟ್ಟಾಕಳಂಕ ಇದೇ ಜಿಲ್ಲೆಯ ಜೈನ ಪರಂಪರೆಯವನು. ಒಂದು ಭಾಷೆಯನ್ನು ಇನ್ನೊಂದರ ಚೌಕಟ್ಟಿನಲ್ಲಿ ಕೂರಿಸುವ ಕಷ್ಟ ಈ ಸೀಮೆಗೆ ಹೊಸತಲ್ಲ.

ಇನ್ನು ಆ ಚೀಟಿ. ಹೆಚ್ಚುವರಿ ಪರಿಹಾರ ಕೋರಿದ ಮನವಿಯ ಕರಡದು. ‘ವಿ ಆರ್ ವೇಟಿಂಗ್ ಸಿನ್ಸ್ ಟ್ವೆಂಟಿ ಇಯರ್ಸ್’ ಎಂದಿತ್ತು. ‘1986ರಿಂದ’, ‘ಇಪ್ಪತ್ತು ವರ್ಷಗಳಿಂದ’ ಎರಡಕ್ಕೂ ನಮ್ಮಲ್ಲಿ ಒಂದೇ ಪ್ರತ್ಯಯ. ಇಂಗ್ಲಿಷ್ ಮಾತ್ರ ಆರಂಭದ ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’ ಎಂದು ಬೇರ್ಪಡಿಸುತ್ತದೆ. ‘ವಿ ಹ್ಯಾವ್ ಬೀನ್ ವೇಟಿಂಗ್ ಫಾರ್ ಟ್ವೆಂಟಿ ಇಯರ್ಸ್’ ಎಂದು ತಿದ್ದಿದೆ. ತರಗತಿಯಲ್ಲಿ ಅದೆಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದ ಕಾಲರೂಪ ಅದು: ಕ್ರಿಯೆ ಹಿಂದೆ ತೊಡಗಿದೆ, ಇನ್ನೂ ಮುಗಿದಿಲ್ಲ. ಆದರೆ ಕಾಯುವಿಕೆಗೆಂದೇ ಅದು ಹುಟ್ಟಿದೆಯೇನೋ ಎಂದು ನನಗನ್ನಿಸಿದ್ದು ಅಲ್ಲಿಯೇ. ತಪ್ಪು ವಾಕ್ಯವೂ ಓದುವ ಅಧಿಕಾರಿಗೆ ಅರ್ಥವಾಗುತ್ತಿತ್ತು, ನಿಜ. ಆದರೆ ವ್ಯಾಕರಣದ ತಪ್ಪು ಸಿಕ್ಕರೆ ಅಹವಾಲನ್ನೇ ಹಗುರವಾಗಿ ಕಾಣುವವರು ನಮ್ಮ ಕಚೇರಿಗಳಲ್ಲಿ ಕಡಿಮೆಯಿಲ್ಲ. ಮನವಿ ಬರೆಯುವವರಿಗೆ ಸರಿಯಾದ ವಾಕ್ಯ ಒಂದು ರಕ್ಷೆ. ಅದನ್ನು ಕಲಿಸದೆ ‘ಭಾವ ಮುಖ್ಯ’ ಎನ್ನುವುದು ಉಳ್ಳವರ ಔದಾರ್ಯ.

ಈಗ ಮೊಬೈಲೇ ಕೆಂಪು ಗೆರೆ ಎಳೆದು ತಪ್ಪು ತೋರಿಸುತ್ತದೆ. ಕರಡಿನ ಮುಂದಿನ ಸಾಲು ‘ಅವರ್ ಲ್ಯಾಂಡ್ ವಾಸ್ ಗಿವನ್’ ಎಂದಿತ್ತು. ವ್ಯಾಕರಣದಲ್ಲಿ ಕುಂದಿಲ್ಲ, ಯಂತ್ರವೂ ಗೆರೆ ಎಳೆಯುವುದಿಲ್ಲ. ಪಕ್ಕದಲ್ಲಿ ಕೂತಿದ್ದ ವೃದ್ಧೆಗೆ ಅದರ ಅರ್ಥವನ್ನು ಕೊಂಕಣಿಯಲ್ಲಿ ಹೇಳಿದರು. ‘ನಾವು ಕೊಟ್ಟದ್ದಲ್ಲ’ ಎಂದರು ಆಕೆ. ‘ಗಿವನ್’ ಹೊಡೆದು ‘ಟೇಕನ್’ ಬರೆದೆ.