ಕಟ್ಟಿದವರಿಗೂ ಗೊತ್ತಿಲ್ಲದ ನೆಲಮಾಳಿಗೆ

ಒಮ್ಮೆ ಒಡೆದ ಒಗಟು ಮತ್ತೆ ಒಗಟಾಗುವುದಿಲ್ಲ. 1970ರ ದಶಕದ ಕೊನೆಗೆ ಅಮೆರಿಕದ ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳ ಮುಂದೆ ರಾತ್ರಿಗಟ್ಟಲೆ ಕೂತು 'ಅಡ್ವೆಂಚರ್' ಆಡಿದ ಹುಡುಗರಿಗೆಲ್ಲ ಇದೇ ಬೇಸರ. ಆ ಆಟವನ್ನು ಬರೆದ ವಿಲ್ ಕ್ರೌದರ್ ಪ್ರೋಗ್ರಾಮರ್ ಮಾತ್ರವಲ್ಲ, ಗುಹೆಗಳೊಳಗೆ ತೆವಳಿ ನಕ್ಷೆ ತಯಾರಿಸುತ್ತಿದ್ದ ಹವ್ಯಾಸಿಯೂ ಹೌದು. ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ತಾನು ಓಡಾಡಿದ ಜಾಗಗಳನ್ನೇ ಆತ ಆಟದಲ್ಲಿ ಮಾತಿನಲ್ಲಿ ಕಟ್ಟಿದ್ದ. 1977ರಲ್ಲಿ ಡಾನ್ ವುಡ್ಸ್ ಅದಕ್ಕೆ ಇನ್ನಷ್ಟು ಕೋಣೆ, ನಿಧಿ, ಒಗಟುಗಳನ್ನು ಸೇರಿಸಿದ. ಅದ್ಭುತವಾದ ಆಟ, ಸಂಶಯವಿಲ್ಲ. ಆದರೆ ಗುಹೆ ಕಲ್ಲಿನದು; ನೂರು ಸಲ ಹೊಕ್ಕರೂ ತಿರುವು ಇದ್ದಲ್ಲೇ ಇರುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಸ್ ಕ್ಯಾಂಪಸ್ಸಿನಲ್ಲಿ ಓದುತ್ತಿದ್ದ ಮೈಕಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ತಾವೇ ಒಂದು ಆಟ ಬರೆಯಲು ಹೊರಟಾಗ ಎದುರಾದದ್ದು ಇನ್ನೂ ಪೇಚಿನ ಪ್ರಶ್ನೆ. ಒಗಟು ಹೂಡಿದವನಿಗೆ ಉತ್ತರ ಮೊದಲೇ ಗೊತ್ತು. ಹಾಗಾದರೆ ತಮ್ಮ ಆಟದಲ್ಲಿ ತಮಗೇ ಮಜಾ ಇಲ್ಲವೇ? ಇಬ್ಬರೂ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಮೇಜಿನಾಟ ಬಲ್ಲವರು. ಅಲ್ಲಿ ಮೇಜಿನ ಆಚೆ ಕೂತ ಒಬ್ಬ ಮನುಷ್ಯ ನೆಲದಡಿಯ ಕೋಣೆ, ಓಣಿ, ರಾಕ್ಷಸರನ್ನು ಒಂದೊಂದಾಗಿ ಬಿಚ್ಚಿಡುತ್ತಾನೆ. ಆ ಮನುಷ್ಯನ ಕೆಲಸವನ್ನು ಯಂತ್ರಕ್ಕೆ ವಹಿಸಿದರೆ? ಪ್ರತಿ ಸಲವೂ ಡಂಜನ್ನನ್ನು, ಅಂದರೆ ಆ ನೆಲಮಾಳಿಗೆಯನ್ನು, ಯಂತ್ರವೇ ಹೊಸದಾಗಿ ತೋಡಿದರೆ, ಬರೆದವನೂ ಕತ್ತಲಲ್ಲೇ ಕಾಲಿಡಬೇಕಾಗುತ್ತದೆ.

ಅದೇ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಕೆನ್ ಆರ್ನಲ್ಡ್ ರೂಪಿಸಿದ್ದ 'ಕರ್ಸಸ್' ಎಂಬ ಸಾಧನ ಅವರ ಕೈಗೆ ಸಿಕ್ಕಿತ್ತು. ಪರದೆಯ ಮೇಲೆ ಬೇಕಾದ ಜಾಗದಲ್ಲಿ ಬೇಕಾದ ಅಕ್ಷರ ಮೂಡಿಸಲು ಅದು ನೆರವಾಗುತ್ತಿತ್ತು. ಹೀಗೆ 1980ರ ಸುಮಾರಿಗೆ 'ರೋಗ್' ಹುಟ್ಟಿತು. ಚುಕ್ಕಿಗಳೇ ನೆಲ, ಗೆರೆಗಳೇ ಗೋಡೆ, ಇಂಗ್ಲಿಷಿನ 26 ದೊಡ್ಡಕ್ಷರಗಳೇ 26 ಬಗೆಯ ರಾಕ್ಷಸರು. ಟಾಯ್ ಮುಂದೆ ಬರ್ಕ್ಲಿಗೆ ಹೋದಾಗ ಆರ್ನಲ್ಡ್ ಕೂಡ ಜೊತೆಗೂಡಿದ.

ಯಂತ್ರಕ್ಕೆ ತೋಡಲು ಹೇಳುವುದು ಸುಲಭ. ಕೋಣೆಗಳನ್ನು ಮನಸ್ಸಿಗೆ ಬಂದಲ್ಲಿ ಎಸೆದರೆ ಒಂದರ ಮೇಲೊಂದು ಬೀಳುತ್ತವೆ, ಇಲ್ಲವೇ ಬಾಗಿಲಿಲ್ಲದೆ ಮೂಲೆಯಲ್ಲಿ ಉಳಿಯುತ್ತವೆ. ಅಸಲು ಆವಿಷ್ಕಾರ ಇರುವುದು ಅದೃಷ್ಟಕ್ಕೆ ಹಾಕಿದ ಕಡಿವಾಣದಲ್ಲಿ ಎಂದು ನನ್ನ ಎಣಿಕೆ. 80 ಅಕ್ಷರ ಅಗಲ, 24 ಸಾಲು ಎತ್ತರದ ಪರದೆಯನ್ನು ರೋಗ್ ಮೂರು ಅಡ್ಡ, ಮೂರು ಉದ್ದ, ಒಟ್ಟು ಒಂಬತ್ತು ಚೌಕಗಳಾಗಿ ಹಂಚುತ್ತದೆ. ಒಂದು ಚೌಕಕ್ಕೆ ಒಂದೇ ಕೋಣೆ. ಅದರೊಳಗೆ ಕೋಣೆ ಎಷ್ಟು ದೊಡ್ಡದು, ಯಾವ ಮೂಲೆಗೆ ವಾಲಿದೆ ಎಂಬುದು ಅದೃಷ್ಟದ ಪಾಲು. ಮೂರರವರೆಗೆ ಕೋಣೆಗಳು ಮಾಯವಾಗಿ, ಅಲ್ಲಿ ಬರೀ ಓಣಿಗಳ ಕೂಡು ಉಳಿಯುವುದೂ ಉಂಟು. ಚುಕ್ಕಿ ಮೊದಲೇ ಇಟ್ಟು ಎಳೆಯನ್ನು ಕೈಗೆ ಬಂದಂತೆ ಬಿಡುವ ರಂಗೋಲಿಯ ಬಗೆ ಇದು.

ಓಣಿ ಹಾಕುವ ಕ್ರಮ ಇನ್ನೂ ಚಂದ. ಯಾವುದೋ ಒಂದು ಕೋಣೆಯಿಂದ ಹೊರಟು, ಇನ್ನೂ ಜಾಲಕ್ಕೆ ಸೇರದ ನೆರೆಕೋಣೆಗೆ ದಾರಿ ಹಾಕುತ್ತ ಹೋಗುವುದು. ಎಲ್ಲವೂ ಸೇರುವವರೆಗೆ ನಿಲ್ಲಿಸುವಂತಿಲ್ಲ. ಇಷ್ಟಕ್ಕೇ ಬಿಟ್ಟಿದ್ದರೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಒಂದೇ ದಾರಿ ಇರುತ್ತಿತ್ತು. ಇವರು ಬಿಡಲಿಲ್ಲ. ಕೊನೆಗೆ ಒಂದಷ್ಟು ಹೆಚ್ಚಿನ ಓಣಿಗಳನ್ನು ಸುಮ್ಮನೆ ಸೇರಿಸಲು ಯತ್ನಿಸು ಎಂದು ಪ್ರೋಗ್ರಾಮಿಗೆ ಹೇಳಿದರು, ಹೆಚ್ಚೆಂದರೆ ನಾಲ್ಕು. ಆ ಓಣಿಗಳಿಂದ ಡಂಜನ್ನಿನಲ್ಲಿ ಸುತ್ತುದಾರಿಗಳು ಹುಟ್ಟಿದವು. ಬೆನ್ನಟ್ಟಿದ ರಾಕ್ಷಸನಿಂದ ತಪ್ಪಿಸಿಕೊಂಡು ಹಿಂಬದಿಯಿಂದ, ಕೆಳಗಿನ ಹಂತಕ್ಕಿಳಿಯುವ ಮೆಟ್ಟಿಲು ತಲುಪಬಹುದು. ಹೋರಾಡಲೇ, ಓಡಲೇ, ಬಳಸಿ ಹೋಗಲೇ ಎಂಬ ಯೋಚನೆಗೆ ಆಗ ಅರ್ಥ ಬರುತ್ತದೆ. ಒಂದೇ ಓಣಿಯ ಡಂಜನ್ನಿನಲ್ಲಿ ಯೋಚನೆಗೆ ಜಾಗವೆಲ್ಲಿ? ಕಾಲು ಎಳೆದತ್ತ ನಡೆಯುವುದು ಅಷ್ಟೇ.

ಗೊತ್ತಿಲ್ಲದಿರುವುದನ್ನು ನಕ್ಷೆಗೆ ಮಾತ್ರ ಮೀಸಲಿಡಲಿಲ್ಲ. ಕೈಗೆ ಸಿಕ್ಕ ಕೆಂಪು ಮದ್ದು ಗಾಯ ಮಾಯಿಸುವುದೋ ಕಣ್ಣು ಕುರುಡಾಗಿಸುವುದೋ, ಕುಡಿದೇ ತಿಳಿಯಬೇಕು. ಮುಂದಿನ ಆಟದಲ್ಲಿ ಬಣ್ಣಗಳೆಲ್ಲ ಅದಲುಬದಲು. ಹೊಟ್ಟೆ ಹಸಿಯುವುದರಿಂದ ಸುಮ್ಮನೆ ಕೂರುವಂತಿಲ್ಲ. 26ನೆಯ ಹಂತಕ್ಕಿಳಿದು ಯೆಂಡೋರಿನ ತಾಯಿತ ತರುವುದು ಗುರಿ. ಅದು ಸಿಗದೆ ಮೇಲೆ ಹತ್ತುವ ಹಾಗಿಲ್ಲ. ಆಟವನ್ನು ಉಳಿಸಿಟ್ಟು ಎದ್ದುಹೋಗಬಹುದು, ಆದರೆ ಉಳಿಸಿದ ಕಡತ ಒಮ್ಮೆ ತೆರೆದರೆ ಅಳಿಸಿಹೋಗುತ್ತದೆ. ಸತ್ತರೆ ಮತ್ತೆ ಮೊದಲ ಹಂತ, ಅದೂ ಬೇರೆ ನೆಲಮಾಳಿಗೆ. ಕ್ರೂರ ಅನ್ನಿಸಬಹುದು. ನನಗೆ ಮಾತ್ರ ಇದಿಲ್ಲದಿದ್ದರೆ ಉಳಿದದ್ದೆಲ್ಲ ಸಪ್ಪೆ. ಕಳೆದುಕೊಳ್ಳಲು ಏನೂ ಇಲ್ಲದವನಿಗೆ ಬಾಗಿಲ ಹಿಂದೆ ಏನಿದ್ದರೇನು?

ಯಂತ್ರವೇ ಡಂಜನ್ ತೋಡುವ ವಿಚಾರ ಇವರಿಗೇ ಮೊದಲು ಹೊಳೆಯಿತು ಎನ್ನುವಂತಿಲ್ಲ. 1978ರಲ್ಲೇ ಡಾನ್ ವರ್ತ್ ಆಪಲ್ 2 ಕಂಪ್ಯೂಟರಿಗೆ ಬರೆದ 'ಬಿನೀತ್ ಆಪಲ್ ಮ್ಯಾನರ್' ಪ್ರತಿ ಸಲ ಹೊಸ ಡಂಜನ್ ತೋಡುತ್ತಿತ್ತು. 1979ರಲ್ಲಿ ಗ್ಯಾರಿ ಗೈಗ್ಯಾಕ್ಸ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ನಡೆಸುವವರಿಗೆಂದು ಬರೆದ ಡಂಜನ್ ಮಾಸ್ಟರುಗಳ ಕೈಪಿಡಿಯ ಅನುಬಂಧದಲ್ಲಿ ದಾಳ ಉರುಳಿಸಿ ನೆಲಮಾಳಿಗೆ ಕಟ್ಟುವ ಪಟ್ಟಿಗಳಿದ್ದವು. ರೋಗ್‌ಗೆ ಒದಗಿದ್ದು ಒಳ್ಳೆಯ ವಾಹನ. ಬರ್ಕ್ಲಿಯ ಯುನಿಕ್ಸ್ ವ್ಯವಸ್ಥೆಯ ಜೊತೆಗೇ ಅದು ವಿಶ್ವವಿದ್ಯಾಲಯಗಳಿಗೆ ಹಂಚಿಕೆಯಾಯಿತು. 'ಹ್ಯಾಕ್', 'ಮೋರಿಯಾ' ಎಂಬ ಆಟಗಳು ಅದರ ಬೆನ್ನಿಗೇ ಬಂದವು. ಮೋರಿಯಾದ ವಂಶದ ಆಟಗಳ ಹುಚ್ಚು ಹಿಡಿದ ಡೇವಿಡ್ ಬ್ರೆವಿಕ್‌ನ ಕನಸು 1996ರಲ್ಲಿ 'ಡಯಾಬ್ಲೊ' ಆಗಿ ಹೊರಬಂತು.

ಅದೇ ವರ್ಷ ಬಂದ 'ಡ್ಯಾಗರ್‌ಫಾಲ್' ಸಿದ್ಧ ತುಂಡುಗಳನ್ನು ಜೋಡಿಸಿ ಭಾರೀ ಡಂಜನ್‌ಗಳನ್ನು ಕಟ್ಟಿತು. ಮೇಲೆ ಕೆಳಗೆ ಹೆಣೆದುಕೊಂಡ ಆ ಓಣಿಗಳಲ್ಲಿ ಹೊಕ್ಕವನಿಗೆ ದೇವರೇ ಗತಿ. ಹುಡುಕಿ ಬಂದ ವಸ್ತು ಯಾವ ಮೂಲೆಯಲ್ಲಿದೆಯೋ, ಬಂದ ದಾರಿ ಯಾವುದೋ. ಗಾತ್ರ ಬೆಳೆದಿತ್ತು, ಕಡಿವಾಣ ಸಡಿಲವಾಗಿತ್ತು. 2008ರ 'ಸ್ಪೆಲಂಕಿ'ಯಲ್ಲಿ ಡೆರೆಕ್ ಯು ಮತ್ತೆ ಚೌಕಗಳಿಗೇ ಮರಳಿದ: ನಾಲ್ಕು ಅಡ್ಡ, ನಾಲ್ಕು ಉದ್ದ, ಹದಿನಾರೇ ಕೋಣೆ. ಮೇಲಿನ ಸಾಲಿನಿಂದ ಕೆಳಗಿನ ಬಾಗಿಲಿನವರೆಗೆ ಬಾಂಬು, ಹಗ್ಗಗಳ ಹಂಗಿಲ್ಲದೆ ಇಳಿಯಬಲ್ಲ ಒಂದು ದಾರಿಯನ್ನು ಪ್ರೋಗ್ರಾಮು ಮೊದಲು ಹಾಕಿಕೊಳ್ಳುತ್ತದೆ. ಉಳಿದ ಕೋಣೆಗಳ ಸರದಿ ಆಮೇಲೆ. ಆ ದಾರಿ ಯಾವುದೆಂದು ಆಡುವವನಿಗೆ ಮಾತ್ರ ಹೇಳುವುದಿಲ್ಲ.